ಅಧ್ಯಾತ್ಮದ ಓದಿಗೆ ಯಾವ ಕೂಟ? ಗೀತಾ ಗುಂಪು, ಭಾಷ್ಯಪಾಠ, ಶಿವಾನುಭವ, ಕಗ್ಗದ ಬಳಗ: ಸೇರುವ ಮೊದಲು ತೂಗಿ ನೋಡಿ

"ಗೀತೆ ಓದಬೇಕು ಅಂತ ಬಹಳ ದಿನದಿಂದ ಮನಸ್ಸಿದೆ. ಪಕ್ಕದ ಬೀದಿಯಲ್ಲಿ ಸ್ವಾಧ್ಯಾಯದ ಗುಂಪಿದೆ, ಆಶ್ರಮದಲ್ಲಿ ಭಾನುವಾರ ಉಪನ್ಯಾಸ ಇರುತ್ತೆ, ಗೆಳೆಯರು ಕಗ್ಗದ ಬಳಗಕ್ಕೆ ಕರೀತಿದ್ದಾರೆ, ಮಗಳು ಝೂಮ್‌ನಲ್ಲೇ ಸೇರಿಕೊಳ್ಳಿ ಅಂತಾಳೆ. ಯಾವುದಕ್ಕೆ ಹೋಗಲಿ?" ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಈಗಷ್ಟೇ ನಿವೃತ್ತರಾದವರಿದ್ದಾರೆ, ಕೆಲಸದ ನಡುವೆ ವಾರಕ್ಕೆ ಎರಡು ಗಂಟೆ ಹೊಂದಿಸಿಕೊಳ್ಳಲು ಒದ್ದಾಡುವವರಿದ್ದಾರೆ, ಊರು ಬಿಟ್ಟು ದೂರ ಹೋದ ಮೇಲೆ ವಚನವೋ ದಾಸರ ಪದವೋ ಬೇಕೆನಿಸಿದವರೂ ಇದ್ದಾರೆ.

ಹೆಚ್ಚಿನವರು ಗುಂಪನ್ನು ಆರಿಸುವುದು ಸಂಸ್ಥೆಯ ಹೆಸರು ನೋಡಿ, ಇಲ್ಲವೇ ಕರೆದವರ ಮುಖ ನೋಡಿ. ಆರು ತಿಂಗಳಲ್ಲಿ ಬಿಡುವುದೂ ಅದೇ ಕಾರಣಕ್ಕೆ. ನೋಡಬೇಕಾದದ್ದು ಬೇರೆ. ನಮ್ಮ ಪರಂಪರೆ ಕಲಿಕೆಯನ್ನು ಶ್ರವಣ, ಮನನ, ನಿದಿಧ್ಯಾಸನ ಎಂದು ಮೂರು ಮೆಟ್ಟಿಲಾಗಿ ಹೇಳುತ್ತದೆ. ಉಪನ್ಯಾಸ ಶ್ರವಣ ಕೊಡುತ್ತದೆ. ನಿದಿಧ್ಯಾಸನ, ಅಂದರೆ ತಿಳಿದದ್ದರಲ್ಲಿ ಮನಸ್ಸು ನಿಲ್ಲಿಸುವುದು, ನಿಮ್ಮದೇ ಕೆಲಸ, ಅದನ್ನು ಯಾವ ಗುಂಪೂ ಮಾಡಿಕೊಡಲಾರದು. ನಡುವಿನ ಮನನಕ್ಕೆ, ಅಂದರೆ ಕೇಳಿದ್ದನ್ನು ತಿರುವಿ, ಸಂಶಯ ಎತ್ತಿ, ಉತ್ತರ ಹುಡುಕಿ ಗಟ್ಟಿಮಾಡಿಕೊಳ್ಳುವುದಕ್ಕೆ, ಜೊತೆಗಾರರು ಬೇಕು. ಚರ್ಚಾ ಕೂಟ ಇರುವುದೇ ಇದಕ್ಕಾಗಿ. ಇದುವರೆಗೆ ನಿಮಗೆ ದಕ್ಕದೇ ಉಳಿದದ್ದು ಶ್ರವಣವೋ ಮನನವೋ ಎಂಬುದು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ. ಇಪ್ಪತ್ತು ವರ್ಷ ಪ್ರವಚನ ಕೇಳಿದವರು ಇನ್ನೊಂದು ಪ್ರವಚನಕ್ಕೆ ಹೋಗಿ ಕೂತರೆ ಹೊಸದಾಗಿ ಸಿಗುವುದು ಕಡಿಮೆ. ಏನೂ ಓದದವರು ನೇರವಾಗಿ ಚರ್ಚೆಗೆ ಕೂತರೆ ಬರೀ ಅಭಿಪ್ರಾಯ ಹೇಳಿ ಎದ್ದು ಬರುತ್ತಾರೆ.

ಯಾವುದರಿಂದ ಅಳೆಯಬೇಕು

ಮೊದಲನೆಯದು ಪಠ್ಯ. ಎಲ್ಲರ ಕೈಯಲ್ಲೂ ಒಂದೇ ಪುಸ್ತಕ, ಒಂದೇ ಪುಟ ತೆರೆದಿದೆಯೇ? ಪುಸ್ತಕ ಇಲ್ಲದ ಚರ್ಚೆ ಅರ್ಧ ಗಂಟೆಯಲ್ಲಿ ಮಕ್ಕಳ ಮದುವೆಗೋ ರಾಜಕೀಯಕ್ಕೋ ಹೊರಳುತ್ತದೆ. ಇದು ಮನುಷ್ಯರ ಕೊರತೆಯಲ್ಲ, ಮಾತಿಗೆ ಕಟ್ಟಿಹಾಕುವ ಗೂಟ ಇಲ್ಲದ್ದರ ಫಲ. (ಜಿಡ್ಡು ಕೃಷ್ಣಮೂರ್ತಿ ಸಂವಾದಗಳು ಇದಕ್ಕೆ ಅಪವಾದ, ಅದರ ಮಾತು ಮುಂದೆ ಬರುತ್ತದೆ.)

ಎರಡನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರಶ್ನೆಗೆ ಅಲ್ಲಿ ಏನಾಗುತ್ತದೆ ಎಂಬುದು. ಗೀತೆಯ ನಾಲ್ಕನೆಯ ಅಧ್ಯಾಯದ 34ನೇ ಶ್ಲೋಕ ಜ್ಞಾನ ಪಡೆಯುವ ದಾರಿ ಹೇಳುವಾಗ ಪ್ರಣಿಪಾತ (ಬಾಗಿ ನಮಸ್ಕರಿಸುವುದು) ಮತ್ತು ಸೇವೆಗಳ ನಡುವೆ ಪರಿಪ್ರಶ್ನೆಯನ್ನು ಇಟ್ಟಿದೆ. ಸುತ್ತಲಿಂದ, ಬಿಡದೆ ಕೇಳುವ ಪ್ರಶ್ನೆ ಅದು. ಕೆಲವು ಕಡೆ ಯಾರಾದರೂ ಎರಡನೇ ಸಲ ಕೇಳಿದರೆ "ಅತಿಪ್ರಶ್ನೆ ಮಾಡಬಾರದು" ಎಂದು ಬಾಯಿ ಮುಚ್ಚಿಸುತ್ತಾರೆ. ಆ ಮಾತು ಬರುವುದು ಬೃಹದಾರಣ್ಯಕ ಉಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ, ಯಾಜ್ಞವಲ್ಕ್ಯರು ಗಾರ್ಗಿಗೆ ಹೇಳಿದ್ದು. ಹಾಗೆ ಉದಾಹರಿಸುವವರು ಮುಂದೆ ಓದಬೇಕು. ಆರನೆಯ ಬ್ರಾಹ್ಮಣದಲ್ಲಿ (ಅಧ್ಯಾಯದ ಉಪವಿಭಾಗಕ್ಕೆ ಈ ಹೆಸರು) ಸುಮ್ಮನಾದ ಗಾರ್ಗಿ ಎಂಟನೆಯದರಲ್ಲಿ ಮತ್ತೆ ಎದ್ದು ನಿಂತು ಎರಡು ಪ್ರಶ್ನೆ ಕೇಳುತ್ತಾಳೆ, ಅಕ್ಷರಬ್ರಹ್ಮದ ಉಪದೇಶ ಬರುವುದು ಆ ಪ್ರಶ್ನೆಗೆ ಉತ್ತರವಾಗಿ. ಆಕೆ ಏಳದಿದ್ದರೆ ಆ ಭಾಗವೇ ಇರುತ್ತಿರಲಿಲ್ಲ.

ಮೂರನೆಯದು ತಲೆಗಳ ಸಂಖ್ಯೆ. ಒಂದೂವರೆ ಗಂಟೆಯ ಕೂಟದಲ್ಲಿ ಪಠಣ, ಅರ್ಥ ಎಲ್ಲ ಕಳೆದು ಚರ್ಚೆಗೆ ಉಳಿಯುವುದು ಸುಮಾರು 40 ನಿಮಿಷ. ಹತ್ತು ಜನರಿದ್ದರೆ ತಲೆಗೆ ನಾಲ್ಕು ನಿಮಿಷ, ಇಪ್ಪತ್ತೈದು ಜನರಿದ್ದರೆ ಒಂದೂವರೆ ನಿಮಿಷ. ಹೀಗಾಗಿ ಹದಿನೈದು ದಾಟಿದ ಯಾವ ಗುಂಪೂ ತಾನಾಗಿಯೇ ಉಪನ್ಯಾಸವಾಗುತ್ತದೆ. ಐದಕ್ಕಿಂತ ಕಡಿಮೆಯಾದರೆ ಇಬ್ಬರು ಊರಿಗೆ ಹೋದ ವಾರ ಕೂಟವೇ ನಿಲ್ಲುತ್ತದೆ. ಆರರಿಂದ ಹನ್ನೆರಡು ಒಳ್ಳೆಯ ಅಳತೆ.

ನಾಲ್ಕನೆಯದು ಸಂಪ್ರದಾಯದ ನಿಲುವು. ನಡೆಸುವವರು ಅದ್ವೈತದವರೋ, ದ್ವೈತದವರೋ, ವಿಶಿಷ್ಟಾದ್ವೈತದವರೋ, ಶರಣ ಪರಂಪರೆಯವರೋ ಎಂಬುದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ, ಸಂಕೋಚ ಬೇಡ. ಈಶಾವಾಸ್ಯ ಉಪನಿಷತ್ತಿನ ಮೊದಲ ಪದವನ್ನೇ ನೋಡಿ. ಶಂಕರರು "ಈಶಾ ವಾಸ್ಯಂ" ಎಂದು ಬಿಡಿಸಿ, ಈಶನಿಂದ ಇದೆಲ್ಲವನ್ನೂ ಮುಚ್ಚಬೇಕು, ಅಂದರೆ ಎಲ್ಲವನ್ನೂ ಈಶನೆಂದೇ ಕಾಣಬೇಕು ಎನ್ನುತ್ತಾರೆ. ಮಧ್ವರು "ಈಶಾವಾಸ್ಯಂ" ಎಂದು ಒಂದೇ ಪದವಾಗಿ ಹಿಡಿದು, ಈಶನ ವಾಸಕ್ಕೆ ತಕ್ಕದ್ದು ಈ ಜಗತ್ತು ಎನ್ನುತ್ತಾರೆ. ಒಂದರಲ್ಲಿ ಜಗತ್ತು ಈಶನಲ್ಲಿ ಕರಗುತ್ತದೆ, ಇನ್ನೊಂದರಲ್ಲಿ ಈಶ ಜಗತ್ತಿನೊಳಗೆ ನೆಲೆಸುತ್ತಾನೆ. ಎರಡರ ಹಿಂದೆಯೂ ಒಂದು ಪೂರ್ಣ ದರ್ಶನವಿದೆ. ಇದು ತಿಳಿಯದೆ ಸೋಮವಾರ ಒಂದು ಗುಂಪಿಗೆ, ಗುರುವಾರ ಇನ್ನೊಂದಕ್ಕೆ ಹೋಗುವವರು ಆರು ತಿಂಗಳಲ್ಲಿ "ಎಲ್ಲ ಗೊಂದಲ" ಎಂದು ಬಿಟ್ಟುಬಿಡುತ್ತಾರೆ. ಮೊದಲ ಎರಡು ವರ್ಷ ಒಂದೇ ಕಡೆ ಕೂರುವುದು ಒಳ್ಳೆಯದು.

ಉಳಿದವು ನೇರ: ಭಾಷೆ, ಸಮಯ, ಹಣ. ಹಣಕ್ಕಿಂತ ಸಮಯವೇ ದುಬಾರಿ. ಒಂದೂವರೆ ಗಂಟೆಯ ಕೂಟಕ್ಕೆ ಬೆಂಗಳೂರಿನಲ್ಲಿ ಹೋಗಿ ಬರಲು ಇನ್ನೊಂದೂವರೆ ಗಂಟೆ ಸೇರಿಸಿದರೆ ವಾರಕ್ಕೆ ಮೂರು ಗಂಟೆ, ವರ್ಷಕ್ಕೆ 45 ವಾರ ಹಿಡಿದರೆ 135 ಗಂಟೆ. ನಡೆದು ಹೋಗುವಷ್ಟು ಹತ್ತಿರದ ಸಾಧಾರಣ ಗುಂಪು, ಎರಡು ಬಸ್ಸು ಬದಲಿಸಿ ಹೋಗುವ ಅತ್ಯುತ್ತಮ ಗುಂಪಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ಗೀತೆ, ಉಪನಿಷತ್ತುಗಳ ಸ್ವಾಧ್ಯಾಯ ಗುಂಪು

ಹೆಚ್ಚು ಊರುಗಳಲ್ಲಿ, ಹೆಚ್ಚು ಸುಲಭವಾಗಿ ಸಿಗುವುದು ಇದು. 1953ರಲ್ಲಿ ಶುರುವಾದ ಚಿನ್ಮಯ ಮಿಷನ್ ಮನೆಮನೆಯ ಸಣ್ಣ ಗುಂಪುಗಳ ಪದ್ಧತಿಯನ್ನು ಗಟ್ಟಿಯಾಗಿ ಬೆಳೆಸಿತು. ಯಾವ ಸಂಸ್ಥೆಗೂ ಸೇರದೆ ಬಡಾವಣೆಯವರೇ ನಡೆಸುವ ಗುಂಪುಗಳೂ ಬೇಕಾದಷ್ಟಿವೆ. ನಡೆಸುವವರು ಇಲ್ಲಿ ಗುರುವಲ್ಲ, ಸಂಚಾಲಕರು ಅಷ್ಟೆ. ಉತ್ತರ ಹೇಳುವುದಕ್ಕಿಂತ ಮಾತು ಹಳಿ ತಪ್ಪದಂತೆ ನೋಡಿಕೊಳ್ಳುವುದು ಅವರ ಕೆಲಸ.

ಚೆನ್ನಾಗಿ ನಡೆಯುವ ಗುಂಪಿನ ಒಂದು ಸಂಜೆ ಹೀಗಿರುತ್ತದೆ. ಶಾಂತಿಮಂತ್ರ ಆಗಿ, ಹಿಂದಿನ ವಾರದ್ದನ್ನು ಒಬ್ಬರು ಐದು ನಿಮಿಷದಲ್ಲಿ ನೆನಪಿಸುತ್ತಾರೆ. ಶ್ಲೋಕವನ್ನು ಎಲ್ಲರೂ ಎರಡು ಸಲ ಓದುತ್ತಾರೆ. ಆಮೇಲೆ ಪದಚ್ಛೇದ (ಪದ ಬಿಡಿಸುವುದು), ಅನ್ವಯ (ಗದ್ಯದ ಕ್ರಮಕ್ಕೆ ಜೋಡಿಸುವುದು), ಪ್ರತಿಪದಾರ್ಥ, ಕೊನೆಗೆ ತಾತ್ಪರ್ಯ. ಅದಾದ ನಂತರವಷ್ಟೇ ಚರ್ಚೆ. ಎರಡನೆಯ ಅಧ್ಯಾಯದ 47ನೇ ಶ್ಲೋಕ ಬಂದಿತೆನ್ನಿ, "ಕರ್ಮಣ್ಯೇವಾಧಿಕಾರಸ್ತೇ". ಎಲ್ಲರಿಗೂ ಬಾಯಿಪಾಠ. ಅದಕ್ಕೇ ಇದು ಗುಂಪಿನ ಪರೀಕ್ಷೆ. ಪ್ರತಿಪದಾರ್ಥ ಬಿಟ್ಟು ನೇರ ಚರ್ಚೆಗೆ ಹಾರಿದರೆ "ಫಲ ಬಯಸಬೇಡಿ ಅಂತ ಹೇಳಿದ್ದಾನೆ, ಸಂಬಳ ಕೇಳಬಾರದಾ?" ಎಂದು ಶುರುವಾಗಿ ಅಲ್ಲೇ ಮುಗಿಯುತ್ತದೆ. ಪದ ಹಿಡಿದು ಹೋದರೆ ಯಾರಾದರೂ "ಏವ" ಎಂಬ ಎರಡೇ ಅಕ್ಷರದ ಮೇಲೆ ನಿಲ್ಲುತ್ತಾರೆ. ಕರ್ಮದಲ್ಲಿ "ಮಾತ್ರ" ಎಂದರೆ ಬೇರೆ ಯಾವುದರಲ್ಲಿ ಅಲ್ಲ? ಶಂಕರಭಾಷ್ಯ, ಅಂದರೆ ಶಂಕರರು ಬರೆದ ವಿವರಣೆ, ಹೇಳುತ್ತದೆ: ಜ್ಞಾನನಿಷ್ಠೆಯಲ್ಲಿ ಅಲ್ಲ, ನಿನಗಿನ್ನೂ ಕರ್ಮದಲ್ಲೇ ಅಧಿಕಾರ. ತಟ್ಟನೆ ಶ್ಲೋಕದ ಮುಖವೇ ಬದಲಾಗುತ್ತದೆ. ಇನ್ನೊಬ್ಬರು ಕೊನೆಯ ಪಾದ ತೋರಿಸುತ್ತಾರೆ, "ಮಾ ತೇ ಸಂಗೋಽಸ್ತ್ವಕರ್ಮಣಿ", ಸುಮ್ಮನೆ ಕೂರುವುದಕ್ಕೂ ಅಂಟಿಕೊಳ್ಳಬೇಡ. ಬಾಯಿಪಾಠ ಇದ್ದವರಲ್ಲೂ ಅನೇಕರು ಆ ಪಾದದ ಅರ್ಥವನ್ನು ಒಮ್ಮೆಯೂ ನಿಂತು ನೋಡಿರುವುದಿಲ್ಲ.

ಎಲ್ಲಿ ಕೆಡುತ್ತದೆ? ಸಾಮಾನ್ಯವಾಗಿ ಎರಡನೆಯ ಅಧ್ಯಾಯದಲ್ಲಿ. 72 ಶ್ಲೋಕಗಳಿವೆ, ವಾರಕ್ಕೆ ಎರಡರಂತೆ ಹೋದರೆ ಎಂಟು ತಿಂಗಳು ಅಲ್ಲೇ. ಮೊದಲ ಅಧ್ಯಾಯದ ಉತ್ಸಾಹ ಆರಿರುತ್ತದೆ, ವಿಷಯ ಗಹನವಾಗಿರುತ್ತದೆ, ಹಾಜರಿ ಹನ್ನೆರಡರಿಂದ ನಾಲ್ಕಕ್ಕೆ ಇಳಿಯುತ್ತದೆ. ಹೀಗಾಗಿ ಸೇರುವ ಮೊದಲು ಗತಿ ಕೇಳಿ. 700 ಶ್ಲೋಕಗಳನ್ನು ವಾರಕ್ಕೆ ಐದರಂತೆ ಓದಿದರೆ 140 ವಾರ, ಹಬ್ಬ ಮದುವೆ ಪರೀಕ್ಷೆಗಳ ಬಿಡುವು ಕಳೆದು ಮೂರು ವರ್ಷ ಚಿಲ್ಲರೆ. ಅದು ಹಿಡಿಸುವ ಗತಿ. "ನಾವು ಹನ್ನೆರಡು ವರ್ಷದಿಂದ ಗೀತೆ ಮಾಡುತ್ತಿದ್ದೇವೆ, ಆರನೇ ಅಧ್ಯಾಯದಲ್ಲಿದ್ದೇವೆ" ಎನ್ನುವ ಗುಂಪು ಆಳವಾಗಿಯೂ ಇರಬಹುದು, ಬರೀ ಹರಟೆಯೂ ಇರಬಹುದು. ಒಂದು ಸಂಜೆ ಕೂತರೆ ಯಾವುದೆಂದು ತಿಳಿಯುತ್ತದೆ.

ಇನ್ನೊಂದು ತೊಡಕು, ಎಲ್ಲರೂ ಸಮಾನರಾದ್ದರಿಂದ ತಪ್ಪರ್ಥ ತಿದ್ದುವವರಿಲ್ಲ. ಇದಕ್ಕೆ ಮದ್ದು ಮೇಜಿನ ಮೇಲೆ ಎರಡು ವ್ಯಾಖ್ಯಾನ ಇರುವುದು: ಒಂದು ಸಾಂಪ್ರದಾಯಿಕ ಭಾಷ್ಯದ ಕನ್ನಡ ಅನುವಾದ, ಒಂದು ಆಧುನಿಕರದ್ದು. ಬೆಂಗಳೂರಿನ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಡಿವಿಜಿ ಅವರು ನಡೆಸಿದ ಗೀತೋಪನ್ಯಾಸಗಳಿಂದ ಬೆಳೆದ "ಜೀವನಧರ್ಮಯೋಗ" ಎರಡನೆಯದಕ್ಕೆ ಚೆನ್ನಾಗಿ ಹೊಂದುತ್ತದೆ. 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ ಅದು. ಕೇಳುವವರನ್ನು ಎದುರಿಗಿಟ್ಟುಕೊಂಡು ಹೇಳಿದ್ದರ ಬಿಸುಪು ಅದರಲ್ಲಿ ಉಳಿದಿದೆ.

ಖರ್ಚು ಹೆಚ್ಚುಕಡಿಮೆ ಏನಿಲ್ಲ, ಪುಸ್ತಕದ ಬೆಲೆ ಮತ್ತು ಸರದಿಯ ಮೇಲೆ ಕಾಫಿ. ಕಾಫಿಯ ಬಗ್ಗೆ ಒಂದು ಮಾತು: ತಿಂಡಿ ಸೇರಿಕೊಂಡ ಮನೆಗುಂಪುಗಳು ಬೇಗ ಸೊರಗುತ್ತವೆ. ಮೊದಲ ವಾರ ಬಿಸ್ಕತ್ತು, ಮೂರನೇ ವಾರ ಉಪ್ಪಿಟ್ಟು, ಎರಡನೇ ತಿಂಗಳಿಗೆ ಮನೆಯವರಿಗೆ ಅದು ಹೊರೆ. ನೀರು ಮಾತ್ರ ಎಂದು ಮೊದಲೇ ಗೊತ್ತುಮಾಡಿಕೊಂಡ ಗುಂಪುಗಳು ಬಾಳುತ್ತವೆ.

ಭಾಷ್ಯಪಾಠ

ಇದು ಚರ್ಚೆಯಲ್ಲ, ಪಾಠ. ಮುಂದೆ ವಿದ್ವಾಂಸರೊಬ್ಬರು, ಕೈಯಲ್ಲಿ ಮೂಲ. ಅದ್ವೈತದ ಕಡೆ ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಹೇಳಲೇಬೇಕು. ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಶಂಕರಭಾಷ್ಯಗಳನ್ನು ಕನ್ನಡಕ್ಕೆ ತಂದು ಕೊಟ್ಟಿದ್ದರಿಂದಲೇ ಸಂಸ್ಕೃತ ಬಾರದ ಕನ್ನಡಿಗರು ಇಂದು ಭಾಷ್ಯ ಹಿಡಿದು ಮಾತಾಡಬಲ್ಲರು. ದ್ವೈತದ ಕಡೆ ಮಠಗಳಲ್ಲಿ, ವಿದ್ಯಾಪೀಠಗಳಲ್ಲಿ ಪಾಠ ನಡೆಯುತ್ತದೆ. ಗೃಹಸ್ಥರಿಗೆ ಹೆಚ್ಚು ಒದಗುವುದು ಜಗನ್ನಾಥದಾಸರ "ಹರಿಕಥಾಮೃತಸಾರ"ದ ಪಾಠ. ಮಾನ್ವಿಯ ದಾಸರು ಭಾಮಿನೀ ಷಟ್ಪದಿಯಲ್ಲಿ 32 ಸಂಧಿಗಳಾಗಿ ಮಧ್ವಸಿದ್ಧಾಂತವನ್ನೇ ಕನ್ನಡದಲ್ಲಿ ಇಟ್ಟಿದ್ದಾರೆ. ಹಾಡಿಕೊಂಡೇ ಸಿದ್ಧಾಂತ ಕಲಿಯಬಹುದು.

ಇಲ್ಲಿ ಸಿಗುವುದು ನಿಖರತೆ. ಒಂದು ಪದಕ್ಕೆ ಆ ಅರ್ಥ ಯಾಕೆ, ಪೂರ್ವಪಕ್ಷ (ಎದುರು ವಾದ) ಏನು, ಸಿದ್ಧಾಂತ ಏನು ಎಂಬುದು ತಪ್ಪದೆ ಸಿಗುತ್ತದೆ. ಬಿಟ್ಟುಕೊಡಬೇಕಾದದ್ದು ವೇಗ, ಮತ್ತು ಸ್ವಲ್ಪಮಟ್ಟಿಗೆ ನಿಮ್ಮ ಸ್ವಂತ ಪ್ರಶ್ನೆ. "ಆಫೀಸಿನಲ್ಲಿ ಅನ್ಯಾಯವಾದಾಗ ಏನು ಮಾಡಲಿ" ಎಂದು ಅಲ್ಲಿ ಕೇಳಿದರೆ "ಅದು ಈ ಅಧಿಕರಣದ ವಿಷಯವಲ್ಲ" ಎಂಬ ಉತ್ತರ ಬರುತ್ತದೆ, ಅದು ಸರಿಯಾದ ಉತ್ತರವೇ. ವಾರಕ್ಕೆ ಎರಡು ಮೂರು ದಿನ, ಎಷ್ಟೋ ಕಡೆ ಬೆಳಗಿನ ಹೊತ್ತು ಇರುವುದರಿಂದ ಕೆಲಸಕ್ಕೆ ಹೋಗುವವರಿಗೆ ಕಷ್ಟ. ಸಂಸ್ಕೃತ ಬೇಕೇ? ವ್ಯಾಕರಣ ಪಾಂಡಿತ್ಯ ಬೇಡ. ವಿಭಕ್ತಿ ಗುರುತಿಸುವಷ್ಟು, ಸಂಧಿ ಬಿಡಿಸುವಷ್ಟು ಬಂದರೆ ಕೂರಬಹುದು. ಅಷ್ಟನ್ನು ದಿನಕ್ಕೆ ಅರ್ಧ ಗಂಟೆಯಂತೆ ಒಂದು ವರ್ಷದಲ್ಲಿ ಕಲಿಯಬಹುದು. ಅದಿಲ್ಲದೆ ಹೋದರೆ ಮೂರನೇ ವಾರಕ್ಕೆ ತಲೆ ಭಾರ.

ಸಣ್ಣದರಿಂದ ಶುರು ಮಾಡುವ ಪಾಠ ಆರಿಸಿ. ಈಶಾವಾಸ್ಯ 18 ಮಂತ್ರ, ಮುಗಿಸಿದ ತೃಪ್ತಿ ಬೇಗ ಸಿಗುತ್ತದೆ. ಮಾಂಡೂಕ್ಯ 12 ಮಂತ್ರ ಎಂದು ಸಣ್ಣದೆಂದುಕೊಂಡು ಹೋಗಬೇಡಿ, ಅದರ ಮೇಲೆ ಗೌಡಪಾದರು ಪದ್ಯದಲ್ಲಿ ಬರೆದ ವಿವರಣೆಯಾದ ಕಾರಿಕೆ ಸೇರಿದರೆ ಅದು ವರ್ಷಗಟ್ಟಲೆಯ ಕೆಲಸ, ಆರಂಭಿಕರದ್ದಲ್ಲ.

ಆಶ್ರಮದ ವಾರದ ಉಪನ್ಯಾಸ

ರಾಮಕೃಷ್ಣ ಆಶ್ರಮಗಳಂಥ ಕಡೆ ನಡೆಯುವ ಉಪನ್ಯಾಸಗಳು ಶ್ರವಣಕ್ಕೆ ಒಳ್ಳೆಯವು. ಶಿಸ್ತು, ಸಮಯಪಾಲನೆ, ಶಾಂತ ವಾತಾವರಣ, ಕನ್ನಡದಲ್ಲಿ ಅಗ್ಗದ ಒಳ್ಳೆಯ ಪುಸ್ತಕಗಳು. ಹಣದ ಒತ್ತಾಯ ಇಲ್ಲ. ಚರ್ಚೆ ಮಾತ್ರ ಕಡಿಮೆ. ಏನೂ ಓದಿಲ್ಲದವರು ಮೊದಲ ಆರು ತಿಂಗಳು ಇಲ್ಲಿ ಕೂತು, ಆಮೇಲೆ ಸಣ್ಣ ಗುಂಪಿಗೆ ಹೋಗುವುದು ಜಾಣತನ.

ಶಿವಾನುಭವ ಮತ್ತು ವಚನ ಗೋಷ್ಠಿ

ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪದ ನೆನಪನ್ನು ಹೊತ್ತ ರೂಪ ಇದು. ಉತ್ತರ ಕರ್ನಾಟಕದ ಮಠಗಳಲ್ಲಿ ವಾರ ವಾರ ಅಥವಾ ತಿಂಗಳಿಗೊಮ್ಮೆ ಶಿವಾನುಭವ ನಡೆಯುತ್ತದೆ, ಗದಗಿನ ತೋಂಟದಾರ್ಯ ಮಠದ ವಾರದ ಶಿವಾನುಭವ ಬಹಳ ಕಾಲದಿಂದ ಹೆಸರಾದದ್ದು. ಊರೂರಿನ ಬಸವ ಕೇಂದ್ರಗಳು, ಅಕ್ಕನ ಬಳಗಗಳು ಮನೆಮಟ್ಟದ ಗೋಷ್ಠಿ ನಡೆಸುತ್ತವೆ. ಮಠದ್ದು ದೊಡ್ಡ ಸಭೆ, ಭಾಷಣವೇ ಹೆಚ್ಚು. ಚರ್ಚೆ ಬೇಕೆನ್ನುವವರು ಮನೆಮಟ್ಟದ್ದನ್ನು ಹುಡುಕಬೇಕು. ಅಕ್ಕನ ಬಳಗಗಳಲ್ಲಿ ಹೆಂಗಸರು ಯಾವ ಅಳುಕೂ ಇಲ್ಲದೆ ವಚನದ ಅರ್ಥಕ್ಕೆ ಜಗಳಾಡುವುದನ್ನು ಕಾಣಬಹುದು, ಅಂಥ ಜೀವಂತಿಕೆ ಬೇರೆಡೆ ಅಪರೂಪ.

ದೊಡ್ಡ ಅನುಕೂಲ ಭಾಷೆ. ಮೂಲವೇ ಕನ್ನಡ. ಮೋಸ ಹೋಗುವುದೂ ಅಲ್ಲೇ, ಅರ್ಥವಾಯಿತು ಎಂದು ಬೇಗ ಅನಿಸಿಬಿಡುತ್ತದೆ. "ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ" ಎಂಬ ಬಸವಣ್ಣನವರ ಸಾಲನ್ನು ತೆಗೆದುಕೊಳ್ಳಿ. ಜಂಗಮ ಎಂದರೆ ಚಲಿಸುವುದು ಎಂದು ಒಬ್ಬರು, ಕಾವಿ ತೊಟ್ಟು ಮನೆಗೆ ಬರುವ ಜಂಗಮರು ಎಂದು ಇನ್ನೊಬ್ಬರು, ಗುರು ಲಿಂಗ ಜಂಗಮ ಎಂಬ ಅಷ್ಟಾವರಣದ ತತ್ತ್ವ ಎಂದು ಮತ್ತೊಬ್ಬರು ಹೇಳುತ್ತಾರೆ. ದೇಹವೇ ದೇಗುಲ ಎಂದ ವಚನ ಇದು, ದೇಹವೋ ಅಳಿಯುತ್ತದೆ, ಹಾಗಿದ್ದರೆ ಅಳಿವಿಲ್ಲದ್ದು ಯಾವುದು? ಈ ಪ್ರಶ್ನೆ ಎದ್ದ ಗೋಷ್ಠಿ ಒಳ್ಳೆಯ ಗೋಷ್ಠಿ. ಇಲ್ಲಿ ಉಪಾಯ ಒಂದೇ: ಅದೇ ಪದ ಬೇರೆ ವಚನಗಳಲ್ಲಿ ಹೇಗೆ ಬಂದಿದೆ ನೋಡುವುದು. "ವಚನ ಸಂಚಯ" ಜಾಲತಾಣದಲ್ಲಿ ಪದ ಹುಡುಕಬಹುದು, ದುಡ್ಡಿಲ್ಲ. ಮೊಬೈಲ್ ಹಿಡಿದ ಒಬ್ಬ ಯುವಕ ಗೋಷ್ಠಿಯಲ್ಲಿದ್ದರೆ ಅವನಿಗೆ ಈ ಕೆಲಸ ಒಪ್ಪಿಸಿ.

ತೊಡಕು ಏನೆಂದರೆ, ಅಂಕಿತ (ವಚನಕಾರರ ಗುರುತಿನ ಹೆಸರು) ಪರಿಶೀಲಿಸದೆ ವಾಟ್ಸಾಪಿನಲ್ಲಿ ಬಂದ "ವಚನ"ವನ್ನು ಚರ್ಚಿಸಿಬಿಡುವುದು. ಎರಡನೆಯದು, ಲಿಂಗಾಯತ ಧರ್ಮ ಪ್ರತ್ಯೇಕವೋ ಅಲ್ಲವೋ ಎಂಬ ವಾದ ನುಗ್ಗಿ ಗೋಷ್ಠಿ ಎರಡು ಬಣವಾಗುವುದು. ಅದು ಮುಖ್ಯವಾದ ಚರ್ಚೆಯೇ ಇರಬಹುದು, ಆದರೆ ಅಲ್ಲಮನ ಬೆಡಗಿನ (ಒಗಟಿನಂಥ) ವಚನ ಬಿಡಿಸಲು ಸೇರಿದ ಸಂಜೆಗೆ ಅದನ್ನು ತರಬಾರದು. ಬೆಡಗಿನ ವಚನಗಳಿಂದ ಆರಂಭಿಸುವುದೂ ತಪ್ಪೇ. ಬಸವಣ್ಣ, ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ, ಜೇಡರ ದಾಸಿಮಯ್ಯರಲ್ಲಿ ಒಂದು ವರ್ಷ ಓಡಾಡಿ, ಆಮೇಲೆ ಅಲ್ಲಮನ ಬಾಗಿಲು ತಟ್ಟಿ.

ಇದೇ ಸೀಮೆಯಲ್ಲಿ ಇನ್ನೊಂದು ದಾರಿ ಇದೆ, ಪೇಟೆಯವರ ಕಣ್ಣಿಗೆ ಬೀಳುವುದು ಕಡಿಮೆ. ಹುಬ್ಬಳ್ಳಿಯ ಸಿದ್ಧಾರೂಢರ ಪರಂಪರೆಯ ಮಠಗಳಲ್ಲಿ ನಿಜಗುಣ ಶಿವಯೋಗಿಗಳ ಶಾಸ್ತ್ರ ಓದುವ ರೂಢಿ. "ಕೈವಲ್ಯ ಪದ್ಧತಿ"ಯನ್ನು ಹಾಡಿ ಅರ್ಥ ಹೇಳುತ್ತಾರೆ, "ಪರಮಾನುಭವ ಬೋಧೆ"ಯನ್ನು ಬಿಡಿಸುತ್ತಾರೆ. ಸಂಸ್ಕೃತದ ಹಂಗಿಲ್ಲದೆ ವೇದಾಂತವನ್ನು ಕ್ರಮವಾಗಿ ಕಲಿಯಬೇಕೆನ್ನುವ ಕನ್ನಡಿಗರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರು ಹತ್ತಿರದ ಆರೂಢ ಮಠದಲ್ಲಿ ಒಮ್ಮೆ ವಿಚಾರಿಸಿ.

ಕಗ್ಗದ ಬಳಗ

ಡಿವಿಜಿ ಅವರ "ಮಂಕುತಿಮ್ಮನ ಕಗ್ಗ" ಬಂದದ್ದು 1943ರಲ್ಲಿ, 945 ಪದ್ಯ. ಮತ, ಜಾತಿ, ಸಂಪ್ರದಾಯದ ತಗಾದೆ ಇಲ್ಲದೆ ಯಾರು ಬೇಕಾದರೂ ಕೂರಬಹುದಾದ ಕೂಟ ಇದು. ಆದ್ದರಿಂದಲೇ ಅಪಾರ್ಟ್‌ಮೆಂಟುಗಳಲ್ಲಿ, ಕಂಪನಿಗಳ ಕನ್ನಡ ಬಳಗಗಳಲ್ಲಿ, ವಿದೇಶದ ಕನ್ನಡ ಕೂಟಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಬೇರೂರುತ್ತದೆ. ನಾಲ್ಕು ಸಾಲಿನ ಪದ್ಯಕ್ಕೆ 20 ನಿಮಿಷ ಸಾಕು. ಒಂದು ವಾರ ತಪ್ಪಿಸಿಕೊಂಡರೂ ಕೊಂಡಿ ಕಳಚುವುದಿಲ್ಲ, ದುಡಿಯುವವರಿಗೆ ಇದು ದೊಡ್ಡ ಸೌಕರ್ಯ.

ವಾರಕ್ಕೆ ಮೂರರಂತೆ ಪೂರ್ತಿ ಓದಿದರೆ 315 ವಾರ, ಏಳು ವರ್ಷ. ಹೆಚ್ಚಿನವರಿಗೆ ಅದಾಗದು. ನೂರು ಪದ್ಯ ಆರಿಸಿ, 34 ವಾರದಲ್ಲಿ ಮುಗಿಸುವ ಯೋಜನೆ ವಾಸಿ. ಆದರೆ ಆರಿಸುವಾಗ ಆರಂಭದ ಪದ್ಯಗಳನ್ನು ಬಿಡಬೇಡಿ. ಕಗ್ಗ ಶುರುವಾಗುವುದು ಸಂದೇಹಗಳಿಂದ, ಜೀವನಕ್ಕೆ ಅರ್ಥ ಇದೆಯೇ, ದೇವರು ಎಂಬುದು ಏನು ಎಂಬ ತಳಮಳದಿಂದ. ಸಮಾಧಾನದ ಪದ್ಯಗಳನ್ನಷ್ಟೇ ಆಯ್ದರೆ ಪ್ರಶ್ನೆಯಿಲ್ಲದ ಉತ್ತರಪತ್ರಿಕೆ ಓದಿದಂತೆ. ಬಳಗಗಳು ಸೋಲುವುದೂ ಇಲ್ಲೇ: ಪದ್ಯವನ್ನು ಹಿತನುಡಿ ಮಾಡಿ, ಪ್ರತಿಯೊಬ್ಬರೂ ತಮ್ಮ ಬದುಕಿನ ಒಂದು ಘಟನೆ ಹೇಳಿ ಮುಗಿಸುತ್ತಾರೆ. ಕೂಟ ಬೆಚ್ಚಗಿರುತ್ತದೆ, ಪದ್ಯ ಹಾಗೇ ಉಳಿಯುತ್ತದೆ. ಹಳೆಯ ಪದ, ಬಿಗಿದ ಸಂಧಿ ಇರುವುದರಿಂದ ಮೊದಲು ಅನ್ವಯ ಮಾಡಿ, ಗದ್ಯದಲ್ಲಿ ಒಂದು ವಾಕ್ಯವಾಗಿ ಬರೆದುಕೊಂಡು ಆಮೇಲೆ ಮಾತಿಗೆ ತೊಡಗಬೇಕು. ಶಾಸ್ತ್ರದ ಹಸಿವಿದ್ದವರಿಗೆ ಎರಡು ವರ್ಷದ ನಂತರ ಇಲ್ಲಿ ಸಾಲದು ಎನಿಸಬಹುದು. ಆಗ ಬೇರೆಡೆ ಹೋಗುವುದು ತಪ್ಪಲ್ಲ.

ಭಜನಾ ಮಂಡಳಿಯನ್ನು ಚರ್ಚಾ ಕೂಟದ ಸಾಲಿಗೆ ಸೇರಿಸಬಹುದೇ? ಹಾಡುವುದಷ್ಟೇ ಆದರೆ ಇಲ್ಲ. ಆದರೆ ವಾರಕ್ಕೆ ಒಂದೇ ಒಂದು ಪದವನ್ನು ಬಿಡಿಸುವ ಮಂಡಳಿ ಸಿಕ್ಕಿದರೆ ಬಿಡಬೇಡಿ. ಕನಕದಾಸರ "ನೀ ಮಾಯೆಯೊಳಗೋ ನಿನ್ನೊಳು ಮಾಯೆಯೋ" ಇಡೀ ಪದವೇ ಪ್ರಶ್ನೆ. ಹತ್ತು ಸಲ ಹಾಡಿದ ಮೇಲೆ ಹದಿನೈದು ನಿಮಿಷ ಅದರ ಬಗ್ಗೆ ಮಾತಾಡಿದರೆ, ಹಾಡಿದ್ದು ಮತ್ತು ವಿಚಾರಿಸಿದ್ದು ಎರಡೂ ಒಳಗೆ ಇಳಿಯುತ್ತವೆ. ಕಂಠ ಇರುವವರಿಗೆ, ದೀರ್ಘ ಓದು ಆಗದ ಹಿರಿಯರಿಗೆ ಇದು ಹೇಳಿಮಾಡಿಸಿದ್ದು.

ಕೃಷ್ಣಮೂರ್ತಿ ಸಂವಾದ

ಗುರು ಬೇಡ, ಗ್ರಂಥದ ಪ್ರಾಮಾಣ್ಯ ಬೇಡ ಎನ್ನುವವರಿಗೆ. 1929ರಲ್ಲಿ ತಮ್ಮ ಸುತ್ತ ಕಟ್ಟಿದ್ದ ಸಂಘವನ್ನು ತಾವೇ ವಿಸರ್ಜಿಸಿದವರು ಜಿಡ್ಡು ಕೃಷ್ಣಮೂರ್ತಿ. ಅವರ ಹೆಸರಿನ ಸಂವಾದಗಳಲ್ಲೂ ಅದೇ ಧಾಟಿ. ಬೆಂಗಳೂರಿನವರಿಗೆ ಕನಕಪುರ ರಸ್ತೆಯ ವ್ಯಾಲಿ ಸ್ಕೂಲ್ ಬಳಿಯ ಅಧ್ಯಯನ ಕೇಂದ್ರ ಇದೆ. ಒಂದು ಭಾಷಣದ ದೃಶ್ಯಮುದ್ರಿಕೆ ನೋಡಿ, ನಂತರ ಭಯ, ಹೋಲಿಕೆ, ಸಂಬಂಧ ಮೊದಲಾದ ಒಂದು ವಿಷಯವನ್ನು ಒಟ್ಟಿಗೆ ನೋಡುವುದು ಸಾಮಾನ್ಯ ಕ್ರಮ. ಪುಸ್ತಕದ ಉದ್ಧರಣೆಗೆ ಅಲ್ಲಿ ಬೆಲೆಯಿಲ್ಲ, ನಿಮ್ಮೊಳಗೆ ಈಗ ಕಾಣುತ್ತಿರುವುದಕ್ಕೆ ಬೆಲೆ. ಇಂಗ್ಲಿಷ್ ಹೆಚ್ಚು. ದೀರ್ಘ ಮೌನ ಇರುತ್ತದೆ, ಅದನ್ನು ತಡೆಯಲಾರದವರು ಮಾತು ತುಂಬಿ ಕೆಡಿಸುತ್ತಾರೆ. "ಹಾಗಾದರೆ ಏನು ಮಾಡಬೇಕು" ಎಂಬುದಕ್ಕೆ ಕೈಗೆ ಕೊಡುವ ಉತ್ತರ ಸಿಗದು. ಶೋಕದಲ್ಲಿ ಇರುವವರು, ಆಸರೆ ಹುಡುಕುತ್ತಿರುವವರು ಆ ಹೊತ್ತಿಗೆ ಇಲ್ಲಿ ಹೋಗುವುದು ಬೇಡ ಎಂದು ನನ್ನ ಸಲಹೆ.

ಆನ್‌ಲೈನ್ ಎಂದರೆ

ಇದು ಬೇರೆ ಆಯ್ಕೆಯಲ್ಲ, ಮೇಲಿನ ಯಾವುದನ್ನಾದರೂ ತರಿಸಿಕೊಳ್ಳುವ ದಾರಿ. ಝೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕೊಂಡಿ ಕಡಿಯುತ್ತದೆ, ಸರಿಯಾಗಿ ಚರ್ಚೆ ಕಾವೇರಿದ ಹೊತ್ತಿಗೆ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಒಂದು ಗಂಟೆ ಸಿಗುತ್ತದೆ. ಸಣ್ಣ ಗುಂಪಿಗೆ 55 ನಿಮಿಷದ ಕೂಟ ಮಾಡಿಕೊಂಡರೆ ಖರ್ಚಿಲ್ಲ. ಎಲ್ಲರೂ ಒಟ್ಟಿಗೆ ಪಠಿಸಲು ಹೋಗಬೇಡಿ, ದನಿಗಳು ಹಿಂದೆ ಮುಂದೆ ಬಂದು ಗದ್ದಲವಾಗುತ್ತದೆ. ಒಬ್ಬರು ಓದಿ, ಉಳಿದವರು ಮೈಕ್ ಮುಚ್ಚಿ ಅನುಸರಿಸಲಿ. ಶ್ಲೋಕ ಪರದೆಯ ಮೇಲಿರಲಿ, ಅಕ್ಷರ ದೊಡ್ಡದಿರಲಿ.

ಅಮೆರಿಕದ ಪೂರ್ವ ತೀರದವರಿಗೆ ಭಾರತ ಬೇಸಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದೆ. ಇಲ್ಲಿಯ ಭಾನುವಾರ ಬೆಳಿಗ್ಗೆ 7 ಎಂದರೆ ಅಲ್ಲಿ ಶನಿವಾರ ರಾತ್ರಿ ಒಂಬತ್ತೂವರೆ ಅಥವಾ ಎಂಟೂವರೆ. ಎರಡು ಕಡೆಗೂ ಹೊಂದುವ ಹೊತ್ತುಗಳಲ್ಲಿ ಅದೊಂದು. ಮಾರ್ಚ್ ಮತ್ತು ನವೆಂಬರಿನಲ್ಲಿ ಗಡಿಯಾರ ಬದಲಾಗುವ ವಾರ ಮೊದಲೇ ಸಂದೇಶ ಹಾಕದಿದ್ದರೆ ಅರ್ಧ ಜನ ತಪ್ಪಿಸಿಕೊಳ್ಳುತ್ತಾರೆ. ವಾಟ್ಸಾಪ್ ಗುಂಪನ್ನು ಸೂಚನೆಗಷ್ಟೇ ಇಟ್ಟುಕೊಳ್ಳಿ. ಅಲ್ಲೇ ಚರ್ಚೆ ಮಾಡಲು ಹೋದರೆ ಶುಭೋದಯದ ಚಿತ್ರಗಳ ಕೆಳಗೆ ಪ್ರಶ್ನೆ ಹೂತುಹೋಗುತ್ತದೆ.

ಎದ್ದು ಬರಬೇಕಾದ ಗುರುತುಗಳು

ಯಾವ ಹೆಸರಿನ ಕೂಟವಾದರೂ ಸರಿ, ಇವು ಕಂಡರೆ ಎರಡನೇ ಯೋಚನೆ ಬೇಡ: ಪ್ರಶ್ನೆ ಕೇಳಿದ್ದಕ್ಕೆ ಶ್ರದ್ಧೆಯಿಲ್ಲ ಎಂಬ ಹಣೆಪಟ್ಟಿ, ವೈದ್ಯರು ಕೊಟ್ಟ ಮಾತ್ರೆ ಬಿಡಿ ಎಂಬ ಸಲಹೆ, "ಮುಂದಿನ ಹಂತ"ಕ್ಕೆ ಏರುತ್ತಾ ಹೋಗುವ ಶುಲ್ಕ, ಲೆಕ್ಕ ತೋರಿಸದ ದೇಣಿಗೆ, ಮನೆಯವರಿಗೆ ಹೇಳಬೇಡಿ ಎಂಬ ಗುಟ್ಟು. ಬಾಡಿಗೆಗೆ, ದೀಪಕ್ಕೆ, ಪುಸ್ತಕಕ್ಕೆ ಎಲ್ಲರೂ ಹಂಚಿಕೊಂಡು ಕೊಡುವುದು ನ್ಯಾಯ. ಜ್ಞಾನಕ್ಕೆ ದರಪಟ್ಟಿ ಇಡುವುದು ಬೇರೆ ಮಾತು.

ಯಾರಿಗೆ ಯಾವುದು, ಹೇಗೆ ನೋಡಿ ನಿರ್ಧರಿಸುವುದು

ನಿವೃತ್ತರಾಗಿ ಸಮಯ ಇದ್ದು, ಸಂಸ್ಕೃತ ಕಲಿಯುವ ಹುಮ್ಮಸ್ಸೂ ಇದ್ದರೆ ಭಾಷ್ಯಪಾಠಕ್ಕೆ ಹೋಗಿ, ಆ ಅವಕಾಶ ಮುಂದೂಡಬೇಡಿ. ವಾರಕ್ಕೆ ಒಂದು ಸಂಜೆ ಮಾತ್ರ ಇರುವ ಉದ್ಯೋಗಸ್ಥರಿಗೆ ಹತ್ತಿರದ ಸ್ವಾಧ್ಯಾಯ ಗುಂಪು ಅಥವಾ ಕಗ್ಗದ ಬಳಗ. ಎರಡೂ ನಡಿಗೆಯ ದೂರದಲ್ಲಿದ್ದರೆ, ಪ್ರತಿ ವಾರ ತಪ್ಪದೆ ಹೋಗಬಲ್ಲಿರಾದರೆ ಗೀತೆ, ತಿಂಗಳಿಗೊಮ್ಮೆ ತಪ್ಪುವುದು ಖಚಿತವಾದರೆ ಕಗ್ಗ. ಮನೆಯಲ್ಲಿ ಗಂಡ ಒಂದು ಸಂಪ್ರದಾಯ, ಹೆಂಡತಿ ಇನ್ನೊಂದಾಗಿದ್ದು ಜೊತೆಯಾಗಿ ಹೋಗಬೇಕೆಂದರೂ ಕಗ್ಗವೇ. ಕನ್ನಡದಲ್ಲೇ ಶಾಸ್ತ್ರದ ಆಳ ಬೇಕೆಂದರೆ ವಚನ, ನಿಜಗುಣರು, ಹರಿಕಥಾಮೃತಸಾರ, ಇವುಗಳಲ್ಲಿ ನಿಮ್ಮ ಮನೆತನದ ಒಲವಿಗೆ ಹತ್ತಿರವಾದದ್ದು.

ಮೂರು ವಾರ ಹೋಗಿ ನೋಡಿ, ಒಂದು ವಾರ ಸಾಲದು. ಮೊದಲ ವಾರ ಸುಮ್ಮನೆ ಕೂತು, ಯಾರು ಎಷ್ಟು ಹೊತ್ತು ಮಾತಾಡಿದರು ಗಮನಿಸಿ. ಒಬ್ಬರೇ ಅರ್ಧಕ್ಕಿಂತ ಹೆಚ್ಚು ಮಾತಾಡಿದರೆ, ಸಂಚಾಲಕರು ತಡೆದರೇ ನೋಡಿ. ಎರಡನೇ ವಾರ ಆ ದಿನದ ಶ್ಲೋಕವನ್ನೋ ವಚನವನ್ನೋ ಮನೆಯಲ್ಲಿ ಓದಿಕೊಂಡು ಹೋಗಿ, ನಿಜವಾಗಿ ಕಾಡಿದ ಒಂದು ಪ್ರಶ್ನೆ ಕೇಳಿ. "ಗೊತ್ತಿಲ್ಲ, ಮುಂದಿನ ವಾರ ನೋಡಿಕೊಂಡು ಬರುತ್ತೇವೆ" ಎಂಬ ಉತ್ತರ ಬಂದರೆ ಅದು ಒಳ್ಳೆಯ ಜಾಗ. ಮೂರನೇ ವಾರ ಅವರು ನೋಡಿಕೊಂಡು ಬಂದರೇ ಎಂಬುದು ತಿಳಿಯುತ್ತದೆ.

ಹತ್ತಿರ ಯಾವುದೂ ಇಲ್ಲದಿದ್ದರೆ ನಾಲ್ಕು ಮನೆ ಸೇರಿ ಶುರು ಮಾಡಿ. ಗೀತೆಯ ಹನ್ನೆರಡನೆಯ ಅಧ್ಯಾಯ ಹಿಡಿಯಿರಿ, 20 ಶ್ಲೋಕ, ವಾರಕ್ಕೆ ನಾಲ್ಕರಂತೆ ಐದು ವಾರ. ದಿನ, ಹೊತ್ತು, ಮುಗಿಯುವ ಹೊತ್ತು ಮೂರನ್ನೂ ಬರೆದು ಹಂಚಿ. ಪ್ರತಿ ವಾರ ಓದಿಸುವ ಸರದಿ ಬದಲಾಗಲಿ, ಓದಿಸುವವರು ಮನೆಯಲ್ಲಿ ಒಂದು ಗಂಟೆ ಸಿದ್ಧತೆ ಮಾಡಿಕೊಂಡು ಬರಲಿ, ಬಿಡಿಸಲಾಗದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತಾ ಹೋಗಿ. ಐದನೇ ವಾರ ಮುಗಿದ ಮೇಲೆ ಆ ನೋಟ್‌ಬುಕ್ ತೆರೆದು ನೋಡಿದರೆ, ಮುಂದೆ ನಿಮಗೆ ಬೇಕಾಗಿರುವುದು ಭಾಷ್ಯಪಾಠವೋ, ವಚನಗಳೋ, ಹದಿನೈದನೆಯ ಅಧ್ಯಾಯವೋ ಎಂಬುದನ್ನು ನೀವೇ ಬರೆದುಕೊಂಡ ಪ್ರಶ್ನೆಗಳು ಹೇಳುತ್ತವೆ.